ಚೀಲ ಹೊರುವವರ ಸಂಬಳ

(ದಾನಿಗಳು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ಮತ್ತು ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

‘ದಾನ ಮತ್ತು ಆರೋಗ್ಯ’ ಅಂತ ವಿಷಯ ಕೊಟ್ಟಿದ್ದಾರೆ. ಅದನ್ನು ಪೂರ್ತಿ ಹಿಡಿದು ಕೂತರೆ ಊಟದ ಹೊತ್ತು ಮೀರುತ್ತದೆ. ಹಾಗಾಗಿ ಒಂದೇ ಕಾಯಿಲೆ ಇಟ್ಟುಕೊಂಡು ಮಾತಾಡುತ್ತೇನೆ. ಟಿಬಿ. ನಮ್ಮ ಹಿರಿಯರು ಕ್ಷಯ ಅನ್ನುತ್ತಿದ್ದದ್ದು.

ಟಿಬಿಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಇಲ್ಲಿ ‘ಔಷಧಿಗೆ ದುಡ್ಡಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಮಾತ್ರೆಯೂ ಉಚಿತ. ಸಾಮಾನ್ಯ ಟಿಬಿ ಆದರೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಹೀಗಿದ್ದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಜನರಿಗೆ ಟಿಬಿ ಬಂತು. ಸುಮಾರು 3 ಲಕ್ಷ ಜನ ಸತ್ತರು. ಜಗತ್ತಿನಲ್ಲಿ ಟಿಬಿ ಬಂದ ಪ್ರತಿ ನಾಲ್ವರಲ್ಲಿ ಒಬ್ಬರು ನಮ್ಮವರು. ಮಾತ್ರೆ ಪುಕ್ಕಟೆ ಸಿಕ್ಕಿಯೂ ಜನ ಸಾಯುತ್ತಾರೆ ಅಂದರೆ, ಮಾತ್ರೆಯ ಆಚೆ ಇನ್ನೇನೋ ಇದೆ, ಅಲ್ವಾ?

ಏನಿದೆ ಅಂತ ಹಳ್ಳಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ನಿಂತಲ್ಲೇ ಹೇಳುತ್ತಾಳೆ. ಊಟ ಸಾಲದು. ಕೂಲಿ ತಪ್ಪಿದೆ. ಆಸ್ಪತ್ರೆಗೆ ಹೋಗಿಬರಲು ಬಸ್ ಚಾರ್ಜು ಇಲ್ಲ. ಗಾಳಿಯಾಡದ ಒಂದೇ ಕೋಣೆಯಲ್ಲಿ ಐದಾರು ಜನ. ಗಂಡಸಾದರೆ ಕುಡಿತ. ಹೆಂಗಸಾದರೆ ಬೇರೆ ತಟ್ಟೆ, ಬೇರೆ ಲೋಟ, ಆಮೇಲೆ ತವರಿಗೆ ಸಾಗಹಾಕುವುದು. ಟಿಬಿ ಕ್ರಿಮಿ ನಮ್ಮಲ್ಲಿ ಬಹಳ ಜನರ ಮೈಯೊಳಗೆ ಸುಮ್ನೆ ಮಲಗಿರುತ್ತದೆ. ಹತ್ತರಲ್ಲಿ ಒಂಬತ್ತು ಜನರಿಗೆ ಅದು ಯಾವತ್ತೂ ಕಾಯಿಲೆ ಆಗುವುದಿಲ್ಲ. ಮೈಯಲ್ಲಿ ತ್ರಾಣ ಇಳಿದಾಗ ಎದ್ದು ಕೂರುತ್ತದೆ. ಎಚ್‌ಐವಿ, ಸಕ್ಕರೆ ಕಾಯಿಲೆ, ಬೀಡಿ, ಕುಡಿತ ಇವೆಲ್ಲ ಅದನ್ನು ಎಬ್ಬಿಸುತ್ತವೆ. ಆದರೆ ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಅರೆಹೊಟ್ಟೆ.

ಇದು ಮೊದಲು ಎಲ್ಲರಿಗೂ ಗೊತ್ತಿತ್ತು. ಮಧ್ಯದಲ್ಲಿ ಮರೆತೆವು. ಮೈಸೂರಿನವರಿಗೆ ಪಿಕೆಟಿಬಿ ಆಸ್ಪತ್ರೆ ಗೊತ್ತಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ಹೆಣ್ಣು ಮಕ್ಕಳೂ ಅದೇ ಕಾಯಿಲೆಗೆ ಬಲಿಯಾದರು. ಅರಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ, ಆದರೂ ಬಂತು. ಊಟ ಒಂದೇ ಎಲ್ಲವನ್ನೂ ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಅಕ್ಕನ ನೆನಪಿಗೆ ಊರಾಚೆ ಎದ್ದ ಸ್ಯಾನಟೋರಿಯಂ, ಅಂದರೆ ಕ್ಷಯರೋಗಿಗಳು ತಿಂಗಳುಗಟ್ಟಲೆ ಇದ್ದು ಆರೈಕೆ ಪಡೆಯುವ ಆಸ್ಪತ್ರೆ, ಅದೇ ಪಿಕೆಟಿಬಿ. ಆಗ ಔಷಧಿ ಇರಲಿಲ್ಲ. ಗಾಳಿ, ಬಿಸಿಲು, ವಿಶ್ರಾಂತಿ, ಹಾಲು, ಮೊಟ್ಟೆ ಇವೇ ಚಿಕಿತ್ಸೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಪ್ಯಾಪ್‌ವರ್ತ್ ಅನ್ನುವಲ್ಲಿ ಇನ್ನೂ ಸ್ವಾರಸ್ಯದ ಕೆಲಸ ನಡೆಯಿತು. ವೇರಿಯರ್ ಜೋನ್ಸ್ ಅನ್ನುವ ಡಾಕ್ಟರು ದಾನದ ಹಣ ಕೂಡಿಸಿ ಟಿಬಿ ರೋಗಿಗಳಿಗಾಗಿ ಒಂದು ಊರನ್ನೇ ಕಟ್ಟಿದರು. ಆಸ್ಪತ್ರೆ ಮಾತ್ರ ಅಲ್ಲ. ಮನೆ ಕೊಟ್ಟರು, ಸೂಟ್‌ಕೇಸು, ಮೇಜು-ಕುರ್ಚಿ ಮಾಡುವ ಕೆಲಸ ಕೊಟ್ಟರು, ಅದಕ್ಕೆ ಸಂಬಳ ಕೊಟ್ಟರು. ಹೆಂಡತಿ ಮಕ್ಕಳು ಜೊತೆಯಲ್ಲೇ ಇದ್ದರು. ರೋಗಿ ಅಪ್ಪನ ಜೊತೆ ಬೆಳೆದ ಆ ಮಕ್ಕಳಿಗೆ ಕ್ರಿಮಿ ತಗುಲಿತು. ಆದರೆ ಕಾಯಿಲೆಗೆ ತಿರುಗಿದ್ದು ಹೊರಗಿನ ರೋಗಿಗಳ ಮಕ್ಕಳಿಗೆ ಹೋಲಿಸಿದರೆ ಬಹಳ ಕಡಿಮೆ. ಮಾತ್ರೆ ಇಲ್ಲದ ಕಾಲದಲ್ಲಿ ಮನೆ, ಕೂಲಿ, ಊಟ ಇಷ್ಟೇ ಮಾಡಿದ ಕೆಲಸ ಅದು.

ಆಮೇಲೆ ಔಷಧಿ ಬಂತು. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟು ಔಷಧಿ ಕೊಟ್ಟರು. ಉಳಿದವರಿಗೆ ಅವರ ಬಡ ಮನೆಯಲ್ಲೇ ಅದೇ ಔಷಧಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ ವಾಸಿಯಾಯಿತು. ದೊಡ್ಡ ಗೆಲುವು ಅದು. ಅದರಿಂದಲೇ ಟಿಬಿ ರೋಗಿ ತಿಂಗಳುಗಟ್ಟಲೆ ಊರು ಬಿಟ್ಟು ಮಲಗುವುದು ತಪ್ಪಿತು. ಆದರೆ ಸ್ಯಾನಟೋರಿಯಂ ಬಾಗಿಲು ಮುಚ್ಚುವಾಗ ಅದರ ಜೊತೆ ಹಾಲು-ಮೊಟ್ಟೆಯನ್ನೂ ಹೊರಗೆ ಹಾಕಿಬಿಟ್ಟೆವು. ಮಾತ್ರೆ ಸಾಕು, ಊಟ ಅವರವರ ಪಾಡು ಅನ್ನುವ ಹಾಗಾಯಿತು.

ಇನ್ನೊಂದು ನಮ್ಮದೇ ಊರಿನ ಸಂಗತಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಇವರು ಹೋಗಿ ಕೇಳಿದರೆ ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ.

ಇದು ನಡೆದು ಅರವತ್ತು ವರ್ಷ ದಾಟಿದೆ. ಇವತ್ತಿಗೂ ಟಿಬಿಗೆ ಅಂತ ದಾನ ಕೊಡುವವರಿಗೆ ಮೊದಲು ಹೊಳೆಯುವುದು ‘ಜಾಗೃತಿ ಜಾಥಾ’. ಬ್ಯಾನರು, ಟೋಪಿ, ಶಾಲಾ ಮಕ್ಕಳ ಮೆರವಣಿಗೆ. ಬೇಜಾರು ಮಾಡಿಕೊಳ್ಳಬೇಡಿ, ಆ ದುಡ್ಡು ಬಹುಪಾಲು ದಂಡ. ಜನಕ್ಕೆ ಅರಿವಿದೆ. ಇಲ್ಲದೆ ಇರುವುದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ಅನುಕೂಲ.

ಮರೆತ ಊಟವನ್ನು ಮತ್ತೆ ಚರ್ಚೆಗೆ ತಂದದ್ದು ಯಾರು ಅನ್ನುವುದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಛತ್ತೀಸಗಢದ ಬಿಲಾಸಪುರದ ಹತ್ತಿರ ಗನಿಯಾರಿ ಅಂತ ಹಳ್ಳಿ. ದೆಹಲಿಯ ಏಮ್ಸ್‌ನಲ್ಲಿ ಓದಿದ ಕೆಲವು ಡಾಕ್ಟರುಗಳು ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಅನ್ನುವ ಲಾಭರಹಿತ ಸಂಸ್ಥೆ ಕಟ್ಟಿ ಆಸ್ಪತ್ರೆ ನಡೆಸುತ್ತಿದ್ದಾರೆ. ಆದಿವಾಸಿಗಳು, ಬಡ ರೈತರು ಬರುವ ಆಸ್ಪತ್ರೆ. ಅಲ್ಲಿಗೆ ಬಂದ ಪ್ರತಿ ಟಿಬಿ ರೋಗಿಯ ತೂಕ ನೋಡಿ ಬರೆದಿಟ್ಟರು. ದೊಡ್ಡ ಯಂತ್ರ ಬೇಕಿಲ್ಲದ ಕೆಲಸ. ಒಂದು ತಕ್ಕಡಿ, ಒಂದು ಪುಸ್ತಕ, ಬೇಸರವಿಲ್ಲದೆ ಬರೆಯುವ ಒಬ್ಬ ಮನುಷ್ಯ ಸಾಕು. ಸುಮಾರು 1,700 ರೋಗಿಗಳ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಅರ್ಧದಷ್ಟು ಜನರ ತೂಕ 42 ಕೆಜಿ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹೆಂಗಸರಲ್ಲಿ ಅರ್ಧದಷ್ಟು ಜನ 34 ಕೆಜಿ ಸುತ್ತಮುತ್ತ ಅಥವಾ ಇನ್ನೂ ಕೆಳಗೆ. ಮೂವತ್ನಾಲ್ಕು ಕೆಜಿ ಅಂದರೆ ನಮ್ಮ ಮನೆಯ ಹತ್ತು ಹನ್ನೊಂದು ವರ್ಷದ ಮಗುವಿನ ತೂಕ.

ಆ ತಂಡದಲ್ಲಿದ್ದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಆಮೇಲೆ ಮಂಗಳೂರಿಗೆ, ಯೆನೆಪೋಯ ವೈದ್ಯಕೀಯ ಕಾಲೇಜಿಗೆ ಬಂದರು. ಅಲ್ಲಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿದರು. ಹೆಸರು ‘ರೇಷನ್ಸ್’. ಹಣ ಸರ್ಕಾರದ್ದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೂಲಕ ಬಂದದ್ದು. 2019ರ ಆಗಸ್ಟ್‌ನಲ್ಲಿ ಶುರು, ಮಧ್ಯದಲ್ಲಿ ಕೋವಿಡ್, ಆದರೂ ನಿಲ್ಲಿಸಲಿಲ್ಲ. 2,800 ರೋಗಿಗಳು, ಅವರ ಮನೆಯಲ್ಲಿ ಜೊತೆಗಿದ್ದ 10,345 ಜನ. ಎಲ್ಲ ರೋಗಿಗಳಿಗೂ ತಿಂಗಳಿಗೊಮ್ಮೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ, ವಿಟಮಿನ್ ಮಾತ್ರೆ. ಮನೆಯವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಲೆಗೆ ಇಷ್ಟು ಅಂತ ಅಕ್ಕಿ, ತೊಗರಿಬೇಳೆ ಕೊಟ್ಟರು. ಇನ್ನೊಂದು ಗುಂಪಿಗೆ ಮಾಮೂಲಿ ಪಡಿತರ ಮಾತ್ರ.

2023ರ ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಬೇಳೆ-ಅಕ್ಕಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆ. ಹರಡುವ ರೀತಿಯ ಶ್ವಾಸಕೋಶದ ಟಿಬಿ ಅರ್ಧಕ್ಕರ್ಧ ಇಳಿಯಿತು, ಶೇ 48. ರೋಗಿಗಳ ವಿಷಯಕ್ಕೆ ಬಂದರೆ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾಯುವ ಅಪಾಯ ಶೇ 61 ಕಡಿಮೆ ಇತ್ತು. ನಲವತ್ತು ಕೆಜಿ ಮನುಷ್ಯನಿಗೆ ಶೇ 5 ಅಂದರೆ ಎರಡು ಕೆಜಿ.

ಈಗ ದುಡ್ಡಿನ ಲೆಕ್ಕ. ಇಲ್ಲಿ ಲೆಕ್ಕದವರು ಜಾಸ್ತಿ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಆಗಿನ ದರದಲ್ಲಿ ರೋಗಿಗೆ ತಿಂಗಳಿಗೆ ಸುಮಾರು 1,100 ರೂಪಾಯಿ, ಮನೆಯವರಿಗೆ ತಲೆಗೆ ಸುಮಾರು 325 ರೂಪಾಯಿ. ರೋಗಿ ಮತ್ತು ನಾಲ್ಕು ಜನ ಇರುವ ಮನೆಗೆ ತಿಂಗಳಿಗೆ 2,400. ಆರು ತಿಂಗಳಿಗೆ 14,400. ಇಂಥ ಸುಮಾರು 30 ಮನೆಗಳಿಗೆ ಕೊಟ್ಟರೆ ಒಂದು ಹೊಸ ಟಿಬಿ ತಪ್ಪುತ್ತದೆ ಅಂತ ಅವರ ಲೆಕ್ಕ. ಲಸಿಕೆಯ ಹಾಗೆ ಕೆಲಸ ಮಾಡುವ ಬೇಳೆ ಇದು.

ದಾನಿಗಳು ನನ್ನ ಹತ್ತಿರ ಹೇಳುವ ಒಂದು ದೂರು ಇದೆ: ‘ರೋಗಿಗೆ ಕೊಟ್ಟ ಆಹಾರದ ಕಿಟ್ಟನ್ನು ಮನೆಯವರೆಲ್ಲ ತಿಂದುಬಿಡುತ್ತಾರೆ.’ ತಿನ್ನಲಿ ಬಿಡಿ! ಅಮ್ಮ ಒಬ್ಬಳೇ ಹಾಲು ಕುಡಿದು ಮಕ್ಕಳು ನೋಡುತ್ತಾ ಕೂರುವ ಮನೆ ಎಲ್ಲಿದೆ? ಹಂಚಿಕೊಂಡು ತಿನ್ನುವುದು ಸೋರಿಕೆ ಅಲ್ಲ, ಅದೇ ಮುಂದಿನ ರೋಗಿಯನ್ನು ತಡೆಯುವ ದಾರಿ ಅಂತ ಜಾರ್ಖಂಡ್ ತೋರಿಸಿದೆ. ಹಾಗಾಗಿ ಕಿಟ್ ಕೊಡುವಾಗಲೇ ಮನೆಯವರನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಸರ್ಕಾರ ಏನೂ ಮಾಡುತ್ತಿಲ್ಲ ಅಂತಲ್ಲ. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. 2022ರ ಸೆಪ್ಟೆಂಬರ್‌ನಲ್ಲಿ ನಿಕ್ಷಯ್ ಮಿತ್ರ ಯೋಜನೆ ಬಂತು. ಯಾರು ಬೇಕಾದರೂ, ಒಬ್ಬ ವ್ಯಕ್ತಿ, ಒಂದು ಕಂಪನಿ, ಒಂದು ಮಹಿಳಾ ಸಂಘ, ಹೆಸರು ನೋಂದಾಯಿಸಿಕೊಂಡು ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಕೊಡಬಹುದು. ರೋಗಿಯ ಒಪ್ಪಿಗೆ ಬೇಕು. ಒಳ್ಳೆಯ ಯೋಜನೆ. ಆದರೆ ಕಾಗದದ ಮೇಲೆ ಚೆನ್ನಾಗಿರುವುದು ನೆಲದ ಮೇಲೆ ಎಲ್ಲಿ ಜಾರುತ್ತದೆ ಅಂತ ಹೇಳಲೇಬೇಕು.

ಮೊದಲ ತಿಂಗಳ ಕಿಟ್‌ಗೆ ಶಾಮಿಯಾನ ಹಾಕುತ್ತಾರೆ. ಗಣ್ಯರು, ಹಾರ, ಫೋಟೊ. ಎರಡನೇ ತಿಂಗಳಿಗೆ ದಾನಿಯ ಡ್ರೈವರ್ ಬರುತ್ತಾನೆ. ಮೂರನೇ ತಿಂಗಳಿಗೆ ಫೋನು ಎತ್ತುವುದಿಲ್ಲ. ಎಲ್ಲ ಕಡೆ ಹೀಗೆ ಅಂತಲ್ಲ, ಆದರೆ ಈ ಸಭೆಯಲ್ಲಿ ನಗುತ್ತಿರುವವರನ್ನು ನೋಡಿದರೆ ನಿಮಗೂ ಗೊತ್ತಿದೆ ಅನ್ನಿಸುತ್ತದೆ. ಇನ್ನು ಆ ಫೋಟೊ. ಟಿಬಿ ಅಂತ ಊರಿಗೆ ಗೊತ್ತಾದರೆ ಮಗಳ ಮದುವೆ ಮುರಿಯುತ್ತದೆ, ಗಾರ್ಮೆಂಟ್ಸ್ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಬಿಡಿಸುತ್ತಾರೆ. ಅದಕ್ಕೆ ಹೆದರಿ ಎಷ್ಟೋ ಜನ ಕಿಟ್ಟೇ ಬೇಡ ಅನ್ನುತ್ತಾರೆ. ನಿಮ್ಮ ವಾರ್ಷಿಕ ವರದಿಯ ಒಂದು ಪುಟಕ್ಕೆ ಅವರು ತೆರುವ ಬೆಲೆ ಅದು.

ಹಾಗಾದರೆ ನಡುವೆ ಬೇಕಾದದ್ದೇನು? ಮನುಷ್ಯರು. ಕಿಟ್ಟನ್ನು ಬೈಕಿನ ಹಿಂದೆ ಕಟ್ಟಿಕೊಂಡು, ಕತ್ತಲಾದ ಮೇಲೆ, ಯಾರ ಗಮನಕ್ಕೂ ಬಾರದ ಹಾಗೆ ಮನೆಗೆ ಮುಟ್ಟಿಸುವವರು. ತಕ್ಕಡಿ ಹಿಡಿದು ತಿಂಗಳಿಗೊಮ್ಮೆ ತೂಕ ನೋಡುವವರು. ತೂಕ ಏರದಿದ್ದರೆ ಯಾಕೆ ಅಂತ ಕೇಳುವವರು. ರೋಗಿ ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೊರಟರೆ ಅಲ್ಲಿನ ಆಸ್ಪತ್ರೆಗೆ ಹೆಸರು ವರ್ಗ ಮಾಡಿಸುವವರು. ಆಧಾರ್ ಮತ್ತು ಬ್ಯಾಂಕ್ ಖಾತೆ ಹೊಂದದೆ ಸರ್ಕಾರದ ಆ 1,000 ನಿಂತುಹೋಗಿದ್ದರೆ ಬ್ಯಾಂಕಿಗೆ ಕರೆದುಕೊಂಡು ಹೋಗುವವರು. ಸರ್ಕಾರದ ಟಿಬಿ ಸಿಬ್ಬಂದಿ ಈ ಕೆಲಸ ಮಾಡುತ್ತಾರೆ, ಆದರೆ ಒಬ್ಬೊಬ್ಬರ ಹೆಗಲ ಮೇಲೆ ಬಹಳ ಹಳ್ಳಿಗಳ ಹೊರೆ ಇದೆ. ಸ್ವಯಂಸೇವಾ ಸಂಸ್ಥೆಗಳು ಬೇಕಾಗುವುದು ಇಲ್ಲೇ. ಅಕ್ಕಿ ಕೊಳ್ಳಲು ಸಂಸ್ಥೆ ಬೇಕಿಲ್ಲ, ಅಂಗಡಿ ಸಾಕು.

ಆದರೆ ದಾನಿಗಳ ಮುಂದೆ ಬಜೆಟ್ ಇಟ್ಟಾಗ ಮೊದಲು ಕತ್ತರಿ ಬೀಳುವುದು ಈ ಮನುಷ್ಯರ ಸಂಬಳಕ್ಕೆ. ‘ಓವರ್‌ಹೆಡ್ ಜಾಸ್ತಿ ಆಯಿತು’ ಅನ್ನುತ್ತಾರೆ. ಕಿಟ್‌ಗೆ ಎಷ್ಟು ಬೇಕಾದರೂ ಕೊಡುತ್ತೇವೆ, ಸಂಬಳಕ್ಕೆ ಇಲ್ಲ ಅನ್ನುತ್ತಾರೆ. ಕೇಳಿದರೆ ಕಾನೂನು ತೋರಿಸುತ್ತಾರೆ, ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರುವ ಹಾಗಿಲ್ಲ ಅಂತ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ತಪ್ಪು ತಿಳಿವಳಿಕೆಯಿಂದ ಬಹಳ ಸಂಸ್ಥೆಗಳು ಸೊರಗಿವೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2021ರಲ್ಲಿ ತಿದ್ದಿದ ನಿಯಮದಲ್ಲಿ ಶೇ 5ರ ಮಿತಿ ಇರುವುದು ನಿಜ. ಆದರೆ ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ಹಳ್ಳಿಗೆ ಹೋಗಿ ತೂಕ ನೋಡುವವಳ ಸಂಬಳ ಯೋಜನೆಯ ಖರ್ಚು, ಆಡಳಿತದ್ದಲ್ಲ. ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ. ವಿದೇಶಿ ದೇಣಿಗೆಯ ಕಾಯ್ದೆಯಲ್ಲಿ 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ, ಒಂದು ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸುವ ಹಾಗೂ ಇಲ್ಲ. ಅದರಿಂದ ಸಣ್ಣ ಸಂಸ್ಥೆಗಳಿಗೆ ಹೊರಗಿನ ದಾರಿ ಕಿರಿದಾಗಿದೆ. ಹಾಗಾಗಿ ಊರಿನ ದಾನಿಗಳ ಮೇಲೆ ಹೊಣೆ ಹೆಚ್ಚು.

ಹೊರಗಿನ ಹಣವನ್ನೇ ನಂಬಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶಿ ನೆರವನ್ನು ಒಂದೇ ಆದೇಶದಲ್ಲಿ ತಡೆಹಿಡಿಯಿತು. ಆ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯ ಹಣದಲ್ಲಿ ನಡೆಯುತ್ತಿದ್ದ ಟಿಬಿ ಕೆಲಸಗಳು ಹಲವು ದೇಶಗಳಲ್ಲಿ ರಾತ್ರೋರಾತ್ರಿ ನಿಂತವು. ಅದು ಸರ್ಕಾರದ ಹಣ, ಖಾಸಗಿ ದಾನ ಅಲ್ಲ, ನಿಜ. ಆದರೆ ಕೊಡುವ ಕೈ ಒಂದೇ ಆದಾಗ ಆಗುವುದು ಎರಡೂ ಕಡೆ ಒಂದೇ.

ನಮ್ಮಲ್ಲಿ ಕೊಡುವ ಗುಣಕ್ಕೆ ಬರ ಇಲ್ಲ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ರೈತರು ಸುಗ್ಗಿಯಾದ ಮೇಲೆ ರಾಗಿ, ಅಕ್ಕಿ, ತೆಂಗಿನಕಾಯಿ ತಂದು ಹಾಕುತ್ತಾರೆ. ನಾನು ಕೊಟ್ಟ ಚೀಲದ ರಾಗಿ ಯಾವ ಮಗು ಉಂಡಿತು, ಅದರ ಫೋಟೊ ಕಳಿಸಿ ಅಂತ ಯಾರೂ ಕೇಳುವುದಿಲ್ಲ. ದಾಸೋಹಕ್ಕೆ ಕೊಟ್ಟೆ, ಏನು ಅಡುಗೆ ಅನ್ನುವುದು ಮಠಕ್ಕೆ ಬಿಟ್ಟದ್ದು. ಅದೇ ರೈತನ ಮಗ ಕಂಪನಿ ಸೇರಿ ಸಿಎಸ್‌ಆರ್ ಮ್ಯಾನೇಜರ್ ಆದ ಮೇಲೆ ಪ್ರತಿ ಚೀಲಕ್ಕೂ ಜಿಪಿಎಸ್ ಫೋಟೊ ಕೇಳುತ್ತಾನೆ! ಲೆಕ್ಕ ಬೇಡ ಅನ್ನುತ್ತಿಲ್ಲ. ಲೆಕ್ಕ ಕೇಳಲೇಬೇಕು. ಆದರೆ ಸರಿಯಾದ ಲೆಕ್ಕ ಕೇಳಿ. ಎಷ್ಟು ಕಿಟ್ ಹಂಚಿದಿರಿ ಅಂತಲ್ಲ. ಎಷ್ಟು ಜನರ ತೂಕ ಏರಿತು, ಎಷ್ಟು ಜನ ಮಾತ್ರೆ ಮುಗಿಸಿದರು, ಮನೆಯವರಲ್ಲಿ ಎಷ್ಟು ಜನರ ಪರೀಕ್ಷೆ ಆಯಿತು ಅಂತ ಕೇಳಿ.

ದೊಡ್ಡ ಪ್ರಮಾಣದಲ್ಲಿ ಕೊಡುವವರಿಗೆ ಇನ್ನೊಂದು ದಾರಿ ಇದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಹೆಚ್ಚಿನ ನಾಲ್ಕು ದಿನದ ಖರ್ಚು ಫೌಂಡೇಶನ್‌ದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಇದರಲ್ಲಿ ನನಗೆ ಇಷ್ಟವಾಗುವುದು ಮೊತ್ತ ಅಲ್ಲ. ಅವರು ಬೇರೆ ಅಡುಗೆಮನೆ ಕಟ್ಟಲಿಲ್ಲ. ಇದ್ದ ಬಿಸಿಯೂಟದ ಅಡುಗೆಮನೆಗೇ, ಅಲ್ಲಿನ ಅಡುಗೆಯವರ ಕೈಗೇ ಸೇರಿಸಿದರು. ಮೊಟ್ಟೆ ಸುಲಿಯುವ ಕೆಲಸಕ್ಕೂ ಕೂಲಿ ಬೇಕು ಅನ್ನುವ ಜಗಳ ಅಲ್ಲೂ ಇದೆ, ಇರಲಿ. ಆದರೆ ಮೂರು ವರ್ಷ ಮುಗಿದ ಮೇಲೆ ಏನು ಅನ್ನುವ ಪ್ರಶ್ನೆಯನ್ನು ಸರ್ಕಾರಕ್ಕೆ ನಾವು ಈಗಿನಿಂದಲೇ ಕೇಳುತ್ತಿರಬೇಕು. ದಾನಿ ದಾರಿ ತೋರಿಸಬಹುದು, ಇಡೀ ರಾಜ್ಯವನ್ನು ಯಾವತ್ತೂ ಹೊತ್ತುಕೊಂಡು ನಡೆಯಲಾರ.

ನನ್ನ ಮಾತು ಇಷ್ಟು. ಈಗ ನಿಮ್ಮ ಪ್ರಶ್ನೆಗಳು.

(ಪ್ರಶ್ನೆ: ಅಕ್ಕಿ-ಬೇಳೆ ಬದಲು ದುಡ್ಡನ್ನೇ ಕೊಟ್ಟರೆ ಸುಲಭ ಅಲ್ಲವೇ? ಹೊರುವ ಖರ್ಚೂ ಉಳಿಯುತ್ತದೆ.)

ಒಳ್ಳೆಯ ಪ್ರಶ್ನೆ. ದುಡ್ಡು ಕೊಟ್ಟರೆ ಕುಡಿದುಬಿಡುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಂಗಡಿ ಹತ್ತಿರ ಇದ್ದು, ಖಾತೆ ಸರಿಯಾಗಿದ್ದರೆ ದುಡ್ಡೇ ಒಳ್ಳೆಯದು, ಮರ್ಯಾದೆಯದು ಕೂಡ. ಆದರೆ ಸಾಲ ಇರುವ ಮನೆಯಲ್ಲಿ ದುಡ್ಡು ಮೊದಲು ಸಾಲ ಕೊಟ್ಟವನ ಕೈಗೆ ಹೋಗುತ್ತದೆ, ಬೇಳೆ ಹೋಗುವುದಿಲ್ಲ. ಜೊತೆಗೆ ಕಿಟ್ ಹಿಡಿದು ಒಬ್ಬರು ಮನೆಗೆ ಬಂದಾಗ ತಾನೇ ಕೆಮ್ಮುತ್ತಿರುವ ಇನ್ನೊಬ್ಬ ಮಗು ಕಣ್ಣಿಗೆ ಬೀಳುವುದು? ತೀರಾ ಸೊರಗಿದವರಿಗೆ ಮೊದಲ ಎರಡು ತಿಂಗಳು ಆಹಾರ, ಆಮೇಲೆ ದುಡ್ಡು ಅಂತ ಮಾಡಿದರೂ ಆಗುತ್ತದೆ.

(ಪ್ರಶ್ನೆ: ನಮ್ಮದು ಸಣ್ಣ ಸಂಘ. ವರ್ಷಕ್ಕೆ ಒಂದು ಲಕ್ಷ ಕೂಡುತ್ತದೆ. ಅಷ್ಟರಲ್ಲಿ ಏನು ಮಾಡಬಹುದು?)

ನಿಮ್ಮ ತಾಲ್ಲೂಕಿನ ಟಿಬಿ ಯೂನಿಟ್‌ಗೆ ಹೋಗಿ. ಸಹಾಯಕ್ಕೆ ಒಪ್ಪಿಗೆ ಕೊಟ್ಟ ರೋಗಿಗಳು ಎಷ್ಟಿದ್ದಾರೆ, ಅವರಲ್ಲಿ ತೂಕ ತೀರಾ ಕಡಿಮೆ ಇರುವವರು ಎಷ್ಟು ಅಂತ ಕೇಳಿ. ಹಳೆಯ ದರದಲ್ಲಿ ಒಂದು ಲಕ್ಷಕ್ಕೆ ಹೆಚ್ಚುಕಡಿಮೆ ಏಳು ಮನೆ ಆಗುತ್ತಿತ್ತು, ಇವತ್ತಿನ ಬೆಲೆಗೆ ಅಷ್ಟಾಗುವುದಿಲ್ಲ. ನಾಲ್ಕು ಮನೆ ಮಾತ್ರ ಹಿಡಿಯಿರಿ. ನಲವತ್ತು ಮನೆಗೆ ಒಂದೊಂದು ಚೀಲ ಹಂಚಬೇಡಿ. ಉಳಿದ ದುಡ್ಡಲ್ಲಿ ಒಂದು ತಕ್ಕಡಿ ಕೊಳ್ಳಿ. ಆ ಊರಿನ ಕಡೆಯವರೇ ಒಬ್ಬರಿಗೆ, ಟಿಬಿಯಿಂದ ವಾಸಿಯಾದವರು ಸಿಕ್ಕರೆ ಇನ್ನೂ ಒಳ್ಳೆಯದು, ತಿಂಗಳಿಗಿಷ್ಟು ಅಂತ ಕೊಟ್ಟು ಈ ಕೆಲಸ ಒಪ್ಪಿಸಿ. ಪೆಟ್ರೋಲಿಗೂ ಸೇರಿಸಿ ಕೊಡಿ. ಆರನೇ ತಿಂಗಳ ದುಡ್ಡನ್ನು ಮೊದಲ ದಿನವೇ ಬೇರೆ ಖಾತೆಗೆ ಹಾಕಿಡಿ, ಗಣೇಶನ ಹಬ್ಬದ ಚಂದಾಕ್ಕೆ ಅದನ್ನು ಮುಟ್ಟಬೇಡಿ.